ಟಿವಿಯಲ್ಲಿ ಚಿತ್ರ ಬರುತ್ತಿದೆ, ಸೌಂಡ್ ಲ್ಯಾಪ್‌ಟಾಪ್ ಬಿಟ್ಟು ಹೊರಡುತ್ತಿಲ್ಲ

ಗಂಜ್_ಹುಡುಗ · ಶನಿವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ ರೀ. ಸ್ವಲ್ಪ ಅರ್ಜೆಂಟ್ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾಳೆ ಬೆಳಗ್ಗೆ 11ಕ್ಕೆ ಪುಣೆಯಲ್ಲಿ ನನ್ನ ತಂಗಿಯ ಮಗಳ ತೊಟ್ಟಿಲು ಕಾರ್ಯಕ್ರಮ. ಎರಡನೇ ಕೂಸು, ಹಾಗಾಗಿ ಗಂಡನ ಮನೆಯಲ್ಲೇ ಮಾಡುತ್ತಿದ್ದಾರೆ. ಅವ್ವ ನಿನ್ನೆಯೇ ಹೋದಳು. ಅಪ್ಪನಿಗೆ ಮೊಣಕಾಲು ನೋವು, ರೈಲು ಹತ್ತಿ ಇಳಿಯುವುದು ಆಗಲ್ಲ. ಕಲಬುರಗಿಯಲ್ಲಿ ನಾನು, ಅಪ್ಪ ಇಬ್ಬರೇ. ತಂಗಿ ವಿಡಿಯೋ ಕಾಲ್‌ನಲ್ಲಿ ಎಲ್ಲ ತೋರಿಸುತ್ತೇನೆ ಎಂದಿದ್ದಾಳೆ. ಫೋನಿನ ಪರದೆ ಅಪ್ಪನ ಕಣ್ಣಿಗೆ ಸಾಲಲ್ಲ. ಕಿವಿಯೂ ಮಂದ. ಮೇಲಿಂದ ಈ ಬಿಸಿಲಿಗೆ ಕೂಲರ್ ಹಗಲೂ ರಾತ್ರಿ ಬುರ್ರ್ ಅಂತಲೇ ಇರುತ್ತೆ. ಅದರ ಮುಂದೆ ಲ್ಯಾಪ್‌ಟಾಪಿನ ಸೌಂಡ್ ಎಲ್ಲಿ ಕೇಳಬೇಕು?

ಅದಕ್ಕೆ ನನ್ನ ಹಳೇ ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿದೆ. ಎಚ್‌ಡಿಎಂಐ ಕೇಬಲ್. ಚಿತ್ರ ಚೊಕ್ಕವಾಗಿ ಬಂತು. ಸೌಂಡ್ ಮಾತ್ರ ಲ್ಯಾಪ್‌ಟಾಪಲ್ಲೇ ಬರುತ್ತಿದೆ. ಟಿವಿಯ ವಾಲ್ಯೂಮ್ 100ಕ್ಕೆ ಏರಿಸಿದೆ, ಸುಮ್ನೆ. ಏನು ಮಾಡಲಿ?

ರೊಟ್ಟಿ_ಹಿಂಡಿ · 8:44

ಕೂಲರ್ ಬಂದ್ ಮಾಡು.

ಗಂಜ್_ಹುಡುಗ · 8:45

ನೀವು ಬಂದು ಹತ್ತು ನಿಮಿಷ ಕೂತು ತೋರಿಸಿ ಅಣ್ಣಾ.

ಸೇಡಂ_ಸೋಮಾರಿ · 8:51

ವಿಂಡೋಸ್ ಕೀ ಹಿಡಿದು ಪಿ ಒತ್ತು. ನಾಲ್ಕು ಆಯ್ಕೆ ಬರುತ್ತೆ. ಡೂಪ್ಲಿಕೇಟ್ ಅಂತ ಕೊಡು. ಮುಗೀತು.

ಬೀದರ್_ಅಕ್ಕ · 8:55

ಅದು ಚಿತ್ರಕ್ಕೆ ರೀ. ಸೌಂಡಿಗೂ ಅದಕ್ಕೂ ಸಂಬಂಧ ಇಲ್ಲ. ಅವರಿಗೆ ಚಿತ್ರ ಆಗಲೇ ಬಂದಿದೆ, ಪೂರ್ತಿ ಓದಿ.

ಗಂಜ್‌ನವರೇ, ಹೀಗೆ ಮಾಡಿ. ಕೆಳಗೆ ಗಡಿಯಾರದ ಪಕ್ಕ ಸ್ಪೀಕರ್ ಗುರುತು ಇರುತ್ತಲ್ವಾ, ಅದನ್ನು ಒತ್ತಿ. ವಿಂಡೋಸ್ 10 ಆದರೆ ವಾಲ್ಯೂಮ್ ಗೆರೆಯ ಮೇಲೆ ಈಗ ಯಾವುದರಲ್ಲಿ ಸೌಂಡ್ ಬರುತ್ತಿದೆಯೋ ಅದರ ಹೆಸರು ಇರುತ್ತೆ. ಹೆಸರಿನ ಮೇಲೆ ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತೆ. ಅದರಲ್ಲಿ ನಿಮ್ಮ ಟಿವಿಯ ಹೆಸರು ಆರಿಸಿ. ವಿಂಡೋಸ್ 11 ಆದರೆ ವಾಲ್ಯೂಮ್ ಗೆರೆಯ ಬಲಗಡೆ ಒಂದು ಬಾಣ ಇದೆ, ಅಲ್ಲಿ. 11ರಲ್ಲಿ ಕೀಬೋರ್ಡಲ್ಲೇ ಬೇಕಾದರೆ ವಿಂಡೋಸ್, ಕಂಟ್ರೋಲ್, ವಿ ಮೂರೂ ಒಟ್ಟಿಗೆ.

ನಮ್ಮ ಕಾಲೇಜಿನ ಸಭಾಂಗಣದಲ್ಲಿ ವಾರಕ್ಕೆ ಎರಡು ಸಲ ಇದೇ ಗೋಳು. ಅತಿಥಿಗಳು ವೇದಿಕೆ ಮೇಲೆ ಕೂತಿರುತ್ತಾರೆ, ನಾನು ಮೇಜಿನ ಕೆಳಗೆ ಬಗ್ಗಿ ವೈರ್ ಹುಡುಕುತ್ತಿರುತ್ತೇನೆ.

ಗಂಜ್_ಹುಡುಗ · 9:02

ಅಕ್ಕಾ, ವಿಂಡೋಸ್ 10. ಒತ್ತಿ ನೋಡಿದೆ. ಪಟ್ಟಿಯಲ್ಲಿ ಸ್ಪೀಕರ್ಸ್ ಅಂತ ಒಂದೇ ಇದೆ. ಟಿವಿಯ ಹೆಸರೇ ಇಲ್ಲ.

ಸುರಪುರದವ · 9:04

ಇನ್ನೂ ವಿಂಡೋಸ್ 10 ಇಟ್ಟುಕೊಂಡಿದ್ದೀರಾ? 2025ರ ಅಕ್ಟೋಬರ್ 14ಕ್ಕೇ ಅದರ ಸಪೋರ್ಟ್ ಮುಗಿಯಿತು. ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಹೊಸ ಜೀವ ಬರುತ್ತೆ.

ಸೇಡಂ_ಸೋಮಾರಿ · 9:06

ಬಂದ್ರಪ್ಪಾ. ಮನೆಗೆ ನೀರು ಬರ್ತಿಲ್ಲ ಅಂದರೂ ಲಿನಕ್ಸ್ ಹಾಕಿ ಅನ್ನುತ್ತಾರೆ ಇವರು.

ಸುರಪುರದವ · 9:09

ನಗಬೇಡಿ. ಲಿನಕ್ಸಲ್ಲಿ ಪಲ್ಸ್ ಆಡಿಯೋ ವಾಲ್ಯೂಮ್ ಕಂಟ್ರೋಲ್ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ. ಅದರ ಕೊನೆಯ ಟ್ಯಾಬಲ್ಲಿ ಕಾರ್ಡಿನ ಪ್ರೊಫೈಲ್ ಬದಲಿಸಿ ಎಚ್‌ಡಿಎಂಐ ಅಂತ ಕೊಟ್ಟರೆ ಸೌಂಡ್ ನೆಟ್ಟಗೆ ಟಿವಿಗೆ. ಬ್ರೌಸರ್ ಸೌಂಡ್ ಟಿವಿಗೆ, ಹಾಡು ಹೆಡ್‌ಫೋನಿಗೆ ಅಂತ ಬೇರೆ ಬೇರೆ ಹಂಚಲೂಬಹುದು.

ಬೀದರ್_ಅಕ್ಕ · 9:11

ಹಂಚುವುದು ವಿಂಡೋಸಲ್ಲೂ ಆಗುತ್ತೆ ತಮ್ಮಾ. ಸೌಂಡ್ ಸೆಟ್ಟಿಂಗ್ಸ್ ಒಳಗೆ ವಾಲ್ಯೂಮ್ ಮಿಕ್ಸರ್ ನೋಡು. ಅವರಿಗೆ ನಾಳೆ 11ಕ್ಕೆ ಕೂಸು ಕಾಣಬೇಕು, ಈಗ ಹೊಸ ಓಎಸ್ ಹಾಕುವ ಹೊತ್ತಲ್ಲ.

ಶಹಾಬಾದ್_ಕಲ್ಲು · 9:15

ಟಿವಿಯ ಹೆಸರು ಪಟ್ಟಿಯಲ್ಲಿ ಬರದೇ ಇರಲು ಸಾಮಾನ್ಯವಾಗಿ ಎರಡು ಕಾರಣ.

ಎಚ್‌ಡಿಎಂಐ ಹಚ್ಚಿದ ತಕ್ಷಣ ಲ್ಯಾಪ್‌ಟಾಪ್ ಟಿವಿಯನ್ನು 'ನೀನು ಯಾರು, ಎಷ್ಟು ದೊಡ್ಡ ಚಿತ್ರ ತಡೆಯುತ್ತೀಯ, ನಿನಗೆ ಸ್ಪೀಕರ್ ಇದೆಯಾ' ಅಂತ ಕೇಳುತ್ತೆ. ಟಿವಿ ಅದೇ ವೈರಲ್ಲಿ ಉತ್ತರ ಕೊಡುತ್ತೆ. ಈ ಉತ್ತರಕ್ಕೆ ಇಡಿಐಡಿ ಅಂತ ಹೆಸರು. ಟಿವಿ ಆಫ್ ಇದ್ದಾಗ, ಅಥವಾ ಬೇರೆ ಇನ್‌ಪುಟ್‌ನಲ್ಲಿದ್ದಾಗ ಹಚ್ಚಿದರೆ ಕೆಲವು ಸಲ ಈ ಮಾತುಕತೆ ತಪ್ಪುತ್ತೆ. ಹಾಗಾಗಿ ಮೊದಲು ಟಿವಿ ಆನ್ ಮಾಡಿ, ಇನ್‌ಪುಟ್ ಸರಿ ಇಡಿ, ಆಮೇಲೆ ಕೇಬಲ್ ಚುಚ್ಚಿ.

ಇನ್ನೊಂದು ಕಾರಣ ಡ್ರೈವರ್, ಅಂದರೆ ಚಿಪ್‌ನಿಂದ ಕೆಲಸ ಮಾಡಿಸುವ ಪ್ರೋಗ್ರಾಂ. ಎಚ್‌ಡಿಎಂಐ ಸೌಂಡ್ ಕೊಡುವುದು ಲ್ಯಾಪ್‌ಟಾಪಿನ ಮಾಮೂಲಿ ಸೌಂಡ್ ಚಿಪ್ ಅಲ್ಲ, ಗ್ರಾಫಿಕ್ಸ್ ಚಿಪ್. ಇಂಟೆಲ್, ಎನ್‌ವಿಡಿಯಾ, ಎಎಂಡಿ ಯಾವುದಿದೆಯೋ ಅದರ ಗ್ರಾಫಿಕ್ಸ್ ಡ್ರೈವರ್ ಜೊತೆಗೇ ಸೌಂಡಿನ ತುಣುಕೂ ಬರುತ್ತೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಆಡಿಯೋ ಅಂತ ಏನಾದರೂ ಇದೆಯಾ ನೋಡಿ.

ಭಾಲ್ಕಿ_ಬಸ್‌ಸ್ಟ್ಯಾಂಡ್ · 9:20

ನಡುವೆ ಬಾಯಿ ಹಾಕುತ್ತಿದ್ದೇನೆ, ಬೈಬೇಡಿ. ನನ್ನ ಕಥೆ ಬೇರೆ. ಪಟ್ಟಿಯಲ್ಲಿ ಟಿವಿ ಇದೆ, ಆರಿಸಿದ್ದೇನೆ, ಹಸಿರು ಗೆರೆ ಕುಣಿಯುತ್ತೆ. ಆದರೂ ಟಿವಿ ಮೂಕ. ಆರು ತಿಂಗಳಿಂದ ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ಸಿನಿಮಾ ನೋಡುತ್ತಿದ್ದೇನೆ. ಹೀರೋ ಹೊಡೆದು ಮುಗಿಸಿದ ಮೇಲೆ ಏಟಿನ ಸೌಂಡ್ ಬರುತ್ತೆ.

ಶಹಾಬಾದ್_ಕಲ್ಲು · 9:24

ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು ಟಿವಿಯ ಪ್ರಾಪರ್ಟೀಸ್‌ಗೆ ಹೋಗಿ. ಅಡ್ವಾನ್ಸ್ಡ್ ಟ್ಯಾಬಲ್ಲಿ ಎಷ್ಟು ಹರ್ಟ್ಸ್ ಇದೆ ನೋಡಿ. 96000 ಅಥವಾ 192000 ಇದ್ದರೆ ಕೆಲವು ಟಿವಿ ಸುಮ್ಮನಾಗುತ್ತವೆ. 16 ಬಿಟ್, 48000 ಇಡಿ. ಸ್ಪೀಕರ್ ಸೆಟಪ್‌ನಲ್ಲಿ 5.1, ಅಂದರೆ ಆರು ಸ್ಪೀಕರಿನ ವ್ಯವಸ್ಥೆ, ಇದ್ದರೆ ಸ್ಟೀರಿಯೋ ಮಾಡಿ.

ಭಾಲ್ಕಿ_ಬಸ್‌ಸ್ಟ್ಯಾಂಡ್ · 9:31

ಅಣ್ಣಾ ನಿಮ್ಮ ಕಾಲು ಎಲ್ಲಿ ಹೇಳಿ. 192000 ಇತ್ತು. 48000 ಮಾಡಿದೆ, ಬಂತು! ಆರು ತಿಂಗಳು ರೀ. ಆರು ತಿಂಗಳು.

ರೊಟ್ಟಿ_ಹಿಂಡಿ · 9:33

ಪ್ರಶ್ನೆ ಕೇಳಿದವ ಬಿಸಿಲಲ್ಲಿ ನಿಂತಿದ್ದಾನೆ, ನಡುವೆ ನುಗ್ಗಿದವನಿಗೆ ಊಟ ಸಿಕ್ಕಿತು.

ಬೀದರ್_ಅಕ್ಕ · 9:36

ಭಾಲ್ಕಿಯವರೇ, ಆ ಏಟಿನ ಸೌಂಡಿಗೂ ಮದ್ದಿದೆ. ಬ್ಲೂಟೂತಲ್ಲಿ ಸೌಂಡ್ ಕಾಲು ಸೆಕೆಂಡಿನಷ್ಟು ಹಿಂದೆ ಬೀಳುವುದು ಮಾಮೂಲು. ವಿಎಲ್‌ಸಿ ಪ್ಲೇಯರಲ್ಲಿ ಸಿನಿಮಾ ನೋಡುವುದಾದರೆ ಜೆ ಮತ್ತು ಕೆ ಕೀ ಒತ್ತಿ. ಒಂದು ಸಲಕ್ಕೆ 50 ಮಿಲಿಸೆಕೆಂಡ್ ಸೌಂಡ್ ಹಿಂದೆ ಮುಂದೆ ಸರಿಯುತ್ತೆ. ತುಟಿ, ಮಾತು ಕೂಡುವ ತನಕ ಒತ್ತುತ್ತಾ ಹೋಗಿ.

ಗಂಜ್_ಹುಡುಗ · 9:41

ಶಹಾಬಾದಣ್ಣಾ, ನೀವು ಹೇಳಿದ ಹಾಗೆ ಟಿವಿ ಮೊದಲು ಆನ್ ಮಾಡಿ ಆಮೇಲೆ ಕೇಬಲ್ ಹಾಕಿದೆ. ಇಲ್ಲ. ಡಿವೈಸ್ ಮ್ಯಾನೇಜರಲ್ಲಿ ಸೌಂಡ್ ಅಂತ ಒಂದೇ ಸಾಲು. ಡ್ರೈವರ್ ಅಪ್‌ಡೇಟ್ ಕೊಟ್ಟೆ, ಎಲ್ಲ ಹೊಸದೇ ಇದೆ ಅನ್ನುತ್ತಿದೆ. ಅಪ್ಪ ಎರಡು ಸಲ ಬಂದು ನೋಡಿ ಹೋದರು. 'ಆಗಲಿಲ್ಲಾ ಅಂದರೆ ಬಿಡೋ, ಫೋನಲ್ಲೇ ನೋಡುತ್ತೇನೆ' ಅಂದರು. ಹಾಗೆ ಅಂದಾಗಲೇ ಜಾಸ್ತಿ ಬೇಜಾರಾಗುತ್ತೆ.

ಜೇವರ್ಗಿ_ರೋಡ್ · 9:44

ಲ್ಯಾಪ್‌ಟಾಪ್ ಬಿಡಿ. ಫೋನಿಂದಲೇ ಟಿವಿಗೆ ಕಾಸ್ಟ್ ಮಾಡಿ.

ಕೇಬಲ್_ಭಾಯಿ · 9:47

ವಿಡಿಯೋ ಕಾಲ್ ಕಾಸ್ಟ್ ಮಾಡಿದರೆ ಟಿವಿಯಲ್ಲಿ ಮುಖ ಕಾಣುತ್ತೆ, ಕಾಲ್‌ನ ಮಾತು ಸಾಮಾನ್ಯವಾಗಿ ಫೋನಲ್ಲೇ ಉಳಿಯುತ್ತೆ. ದಿನಾ ಅಂಗಡಿಗೆ ಬಂದು ಇದೇ ಕೇಳುತ್ತಾರೆ. ಸಿನಿಮಾಕ್ಕೆ ಆಗುತ್ತೆ, ಕಾಲ್‌ಗೆ ನಂಬಬೇಡಿ.

ನಿವೃತ್ತ_ಮೇಷ್ಟ್ರು · 9:52

ಚಿತ್ರ ಒಂದು ಕಡೆ, ಧ್ವನಿ ಒಂದು ಕಡೆ ಅಂದ ಕೂಡಲೇ ನನಗೆ ಹಳೇದು ನೆನಪಾಯಿತು. ವಿಷಯ ತಪ್ಪುತ್ತಿದ್ದೇನೆ, ಕ್ಷಮಿಸಿ.

1975ರಲ್ಲಿ ನಾನು ಐದನೇ ಕ್ಲಾಸು. ಆಗಿನ ಗುಲ್ಬರ್ಗಾ ಜಿಲ್ಲೆಯ ಒಂದು ಹಳ್ಳಿ. ಬೆಂಗಳೂರಲ್ಲೇ ಟಿವಿ ಇಲ್ಲದ ಕಾಲ. ನಮ್ಮ ಶಾಲೆಗೆ ಟಿವಿ ಬಂತು! ಸೈಟ್ ಅಂತ ಸರ್ಕಾರದ ಪ್ರಯೋಗ. ಆ ವರ್ಷ ಆಗಸ್ಟ್ 1ಕ್ಕೆ ಶುರುವಾಗಿ ಸರಿಯಾಗಿ ಒಂದು ವರ್ಷ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಯಾದಗಿರಿ ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ಅಮೆರಿಕದ ಎಟಿಎಸ್-6 ಅನ್ನುವ ಉಪಗ್ರಹದಿಂದ ನೇರ ಹಳ್ಳಿಗೆ. ಅಂಗಳದಲ್ಲಿ ಕೋಳಿ ಜಾಲರಿಯ ತಂತಿಯಿಂದ ಮಾಡಿದ ದೊಡ್ಡ ಬುಟ್ಟಿ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಹತ್ತಡಿ ಅಗಲ. ಕುರಿಗಳು ಅದರ ನೆರಳಲ್ಲಿ ಮಲಗುತ್ತಿದ್ದವು.

ಆ ವ್ಯವಸ್ಥೆಯಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಅನುಕೂಲ ಇತ್ತು. ಅಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆ ಜೋಡಿಸಬಹುದು. ನಮಗೆ ಅದೆಲ್ಲ ಆಗ ಏನು ಗೊತ್ತು? ಪೆಟ್ಟಿಗೆಯೊಳಗಿನ ಮನುಷ್ಯ ಕನ್ನಡ ಮಾತಾಡುತ್ತಾನೆ, ಅಷ್ಟೇ ಗೊತ್ತು. ಸಂಜೆ ಊರೆಲ್ಲ ನೆಲದ ಮೇಲೆ ಕೂರುತ್ತಿತ್ತು. ಹಿಂದೆ ಕೂತವರಿಗೆ ಕೇಳದಿದ್ದರೆ ಮುಂದಿನವರು ಹೇಳಿದ್ದನ್ನೇ ತಿರುಗಿ ಹೇಳುತ್ತಿದ್ದರು. ಅದೇ ನಮ್ಮ ಸ್ಪೀಕರ್.

ರೊಟ್ಟಿ_ಹಿಂಡಿ · 9:55

ಉಪಗ್ರಹದಿಂದ ಹಳ್ಳಿಗೆ ಸೌಂಡ್ ಬಂತು. ಗಂಜ್‌ನಲ್ಲಿ ಆರಡಿ ವೈರ್ ದಾಟುತ್ತಿಲ್ಲ.

ಸೇಡಂ_ಸೋಮಾರಿ · 9:57

ಮೇಷ್ಟ್ರೇ, ಇದನ್ನು ಬೇರೆ ಥ್ರೆಡ್‌ನಲ್ಲಿ ಪೂರ್ತಿ ಬರೆಯಿರಿ. ನಮ್ಮ ಕಾಕಾ ಕೂಡ ಆ ಬುಟ್ಟಿಯ ಬಗ್ಗೆ ಹೇಳುತ್ತಿದ್ದರು, ನಾವು ಬೊಗಳೆ ಅಂದುಕೊಂಡಿದ್ದೆವು.

ಬೀದರ್_ಅಕ್ಕ · 10:03

ಗಂಜ್‌ನವರೇ, ಒಂದು ಅನುಮಾನ. ಕೇಬಲ್‌ನ ಎರಡೂ ತುದಿ ಒಂದೇ ಥರ ಇವೆಯಾ? ಲ್ಯಾಪ್‌ಟಾಪ್ ಕಡೆ ಏನು ಚುಚ್ಚಿದ್ದೀರಿ? ಒಂದು ಫೋಟೋ ಹಾಕಿ.

ಗಂಜ್_ಹುಡುಗ · 10:09

ಫೋಟೋ ಹಾಕಿದ್ದೇನೆ ಅಕ್ಕಾ. ಲ್ಯಾಪ್‌ಟಾಪ್ ಹಳೇದು, ನೀಲಿ ಬಣ್ಣದ ದೊಡ್ಡ ಪೋರ್ಟ್ ಇದೆ, ಎರಡು ಕಡೆ ಸ್ಕ್ರೂ ಇರುತ್ತಲ್ವಾ, ಅದು. ಅದಕ್ಕೆ ಒಂದು ಕನ್ವರ್ಟರ್ ಹಾಕಿ ಅಲ್ಲಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ.

ಶಹಾಬಾದ್_ಕಲ್ಲು · 10:10

ಅಯ್ಯೋ ದೇವರೇ.

ಸೇಡಂ_ಸೋಮಾರಿ · 10:10

ಒಂದೂವರೆ ತಾಸು!!

ಕೇಬಲ್_ಭಾಯಿ · 10:12

ಮೊದಲೇ ಹೇಳಬೇಕಲ್ಲ ಭಾಯಿ. ಅದು ವಿಜಿಎ. ಸೌಂಡ್ ಬರಲ್ಲ ಅಂದರೆ ಬರಲ್ಲ.

ಗಂಜ್_ಹುಡುಗ · 10:13

ಟಿವಿಗೆ ಹೋಗುವುದು ಎಚ್‌ಡಿಎಂಐ ಕೇಬಲ್ಲೇ ಅಲ್ವಾ? ಅದಕ್ಕೇ ಎಚ್‌ಡಿಎಂಐ ಅಂದೆ. ನನಗೇನು ಗೊತ್ತು ಅಣ್ಣಾ, ಬೈಬೇಡಿ.

ಬೀದರ್_ಅಕ್ಕ · 10:18

ಬೈಯಬೇಡಿ ಎಲ್ಲರೂ, ಇದು ಎಲ್ಲರಿಗೂ ಆಗುವ ತಪ್ಪು. ಆ ನೀಲಿ ಪೋರ್ಟು ಐಬಿಎಂ ಕಂಪನಿ 1987ರಲ್ಲಿ ತಂದದ್ದು. ಮೂರು ಸಾಲಿನಲ್ಲಿ 15 ಪಿನ್. ಅದರಲ್ಲಿ ಹರಿಯುವುದು ಚಿತ್ರ ಮಾತ್ರ. ಸೌಂಡಿಗೆ ಅಂತ ಒಂದು ಪಿನ್ನೂ ಇಲ್ಲ. ಎಚ್‌ಡಿಎಂಐ ಬಂದದ್ದು 2002ರ ಕೊನೆಗೆ. ಅದರಲ್ಲಿ ಚಿತ್ರದ ಜೊತೆಗೇ ಸೌಂಡನ್ನೂ ಸೇರಿಸಿ ಕಳಿಸುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಿಂದ ಸೌಂಡ್ ಹೊರಗೇ ಬಂದಿಲ್ಲ, ಇನ್ನು ಮುಂದಿನ ಕೇಬಲ್ ಎಷ್ಟು ಒಳ್ಳೆಯದಾದರೇನು? ಪಟ್ಟಿಯಲ್ಲಿ ಟಿವಿಯ ಹೆಸರು ಬರದೇ ಇದ್ದದ್ದೂ ಅದಕ್ಕೇ.

ಈಗ ಹೇಳಿ, ಕನ್ವರ್ಟರ್ ಬಾಕ್ಸಲ್ಲಿ ಇನ್ನೇನಿತ್ತು? ಹೆಡ್‌ಫೋನ್ ಪಿನ್ನಿನ ಸಣ್ಣ ವೈರ್ ಇತ್ತಾ?

ಗಂಜ್_ಹುಡುಗ · 10:22

ಇದೆ! ಎರಡು ಕಡೆಯೂ ಹೆಡ್‌ಫೋನ್ ಪಿನ್ ಇರುವ ಒಂದು ಗೇಣಿನ ಕಪ್ಪು ವೈರ್. ಇನ್ನೊಂದು ಯುಎಸ್‌ಬಿ ವೈರ್. ಯುಎಸ್‌ಬಿ ಹಾಕಿದ್ದೆ, ಅದಿಲ್ಲದೆ ಲೈಟ್ ಹತ್ತಲಿಲ್ಲ. ಈ ಕಪ್ಪು ವೈರ್ ಸುಮ್ನೆ ಫ್ರೀ ಕೊಟ್ಟಿದ್ದಾರೆ ಅಂದುಕೊಂಡು ಬಾಕ್ಸಲ್ಲೇ ಬಿಟ್ಟಿದ್ದೆ.

ರೊಟ್ಟಿ_ಹಿಂಡಿ · 10:23

ನಮ್ಮ ಕಡೆ ಫ್ರೀ ಯಾರು ಕೊಡುತ್ತಾರೆ? ಶೇಂಗಾ ಹಿಂಡಿ ಬಿಟ್ಟು.

ಕೇಬಲ್_ಭಾಯಿ · 10:25

ಆ ವೈರೇ ಸೌಂಡಿನ ವೈರ್. ಒಂದು ತುದಿ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ, ಇನ್ನೊಂದು ಕನ್ವರ್ಟರಿನ ಪಕ್ಕದ ಸಣ್ಣ ತೂತಿಗೆ. ಮೈಕ್ ತೂತಿಗೆ ಹಾಕಬೇಡಿ, ಹಳೇ ಲ್ಯಾಪ್‌ಟಾಪಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ. ಪಟ್ಟಿಯಲ್ಲಿ ಟಿವಿ ಹೆಸರು ಆಗಲೂ ಬರಲ್ಲ, ಹೆದರಬೇಡಿ. ಲ್ಯಾಪ್‌ಟಾಪ್ ಅದನ್ನು ಹೆಡ್‌ಫೋನ್ ಅಂತಲೇ ತಿಳಿಯುತ್ತೆ. ಅದರ ವಾಲ್ಯೂಮ್ ಮುಕ್ಕಾಲು ಇಡಿ, ಉಳಿದದ್ದು ಟಿವಿ ರಿಮೋಟಲ್ಲಿ ಏರಿಸಿ. ಲ್ಯಾಪ್‌ಟಾಪಲ್ಲಿ ಪೂರ್ತಿ ಏರಿಸಿದರೆ ಮಾತು ಒಡೆದ ಹಾಗೆ ಕೇಳಬಹುದು.

ಇನ್ನೊಂದು ಮಾತು, ಓದುವ ಬೇರೆಯವರಿಗೆ. ವಿಜಿಎಯಿಂದ ಎಚ್‌ಡಿಎಂಐಗೆ ಮಾಡುವ ಕನ್ವರ್ಟರ್ ಬೇರೆ, ಎಚ್‌ಡಿಎಂಐಯಿಂದ ವಿಜಿಎಗೆ ಮಾಡುವುದು ಬೇರೆ. ನೋಡಲು ಅಣ್ಣತಮ್ಮ. ಉಲ್ಟಾ ಹಾಕಿದರೆ ಕೆಲಸ ಮಾಡಲ್ಲ. ಉಲ್ಟಾ ತಗೊಂಡು ಹೋಗಿ ವಾಪಸ್ ಬರುವವರು ಬಹಳ.

ಗಂಜ್_ಹುಡುಗ · 10:34

ಬಂತು ರೀ!!! ಟಿವಿಯಿಂದ ಸೌಂಡ್ ಬಂತು. ವಾಲ್ಯೂಮ್ 100ರಲ್ಲೇ ಮರೆತಿದ್ದೆ, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

ಗಂಜ್_ಹುಡುಗ · 10:41

ಆದರೆ ಈಗ ಹಿಂದೆ ಒಂದು ಗುಂಯ್ ಅನ್ನುವ ಸೌಂಡ್ ಬರುತ್ತಿದೆ. ಮಾತು ಕೇಳುತ್ತೆ, ಜೊತೆಗೆ ಗುಂಯ್. ಕೂಲರ್ ಅಲ್ಲ, ಬಂದ್ ಮಾಡಿ ನೋಡಿದೆ.

ಸುರಪುರದವ · 10:43

ಚಾರ್ಜರ್ ತೆಗೆದು ನೋಡಿ.

ಗಂಜ್_ಹುಡುಗ · 10:45

ತೆಗೆದೆ, ನಿಂತಿತು! ಹಾಕಿದರೆ ಮತ್ತೆ ಬರುತ್ತೆ. ಆದರೆ ಇದರ ಬ್ಯಾಟರಿ 20 ನಿಮಿಷವೂ ಬರಲ್ಲ ಅಣ್ಣಾ. ಕೂಸಿಗೆ ಆರತಿ ಬೆಳಗುವಷ್ಟರಲ್ಲಿ ಲ್ಯಾಪ್‌ಟಾಪ್ ಮಲಗುತ್ತೆ.

ಜೇವರ್ಗಿ_ರೋಡ್ · 10:48

ಸುಲಭ. ಚಾರ್ಜರಿನ ಮೂರನೇ ಪಿನ್, ದಪ್ಪ ಪಿನ್, ಮುರಿದು ಹಾಕಿ. ನಾನು ಹಾಗೇ ಮಾಡಿದ್ದು. ಗುಂಯ್ ನಿಂತೇ ಹೋಯಿತು.

ಶಹಾಬಾದ್_ಕಲ್ಲು · 10:50

ಖಂಡಿತಾ ಮಾಡಬೇಡಿ!! ಜೇವರ್ಗಿಯವರೇ, ಇಂಥದ್ದನ್ನು ಬರೆಯುವ ಮೊದಲು ಸ್ವಲ್ಪ ಯೋಚಿಸಿ. ಅದು ಅರ್ಥಿಂಗ್ ಪಿನ್. ಚಾರ್ಜರ್ ಒಳಗೆ ಏನಾದರೂ ಕೆಟ್ಟರೆ ಕರೆಂಟ್ ನೆಲಕ್ಕೆ ಹೋಗಲು ಇರುವ ದಾರಿ.

ಜೇವರ್ಗಿ_ರೋಡ್ · 10:53

ನಾಲ್ಕು ವರ್ಷ ಆಯ್ತು ಸ್ವಾಮಿ, ಏನೂ ಆಗಿಲ್ಲ. ಲ್ಯಾಪ್‌ಟಾಪ್ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ. ಅದು ಎಲ್ಲರ ಮನೆಯಲ್ಲೂ ಇದೆ.

ಶಹಾಬಾದ್_ಕಲ್ಲು · 11:01

ಆ ಜುಮ್ಮೇ ನಾನು ಹೇಳುತ್ತಿರುವುದು. ಚಾರ್ಜರಿನ ಒಳಗೆ ಕರೆಂಟಿನ ಗದ್ದಲ ತಡೆಯಲು ಸಣ್ಣ ಕೆಪಾಸಿಟರ್‌ಗಳನ್ನು ಹಾಕಿರುತ್ತಾರೆ. ಅವುಗಳ ಮೂಲಕ ಒಂದು ಚೂರು ಕರೆಂಟ್ ಸೋರುತ್ತೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತೆ. ಪಿನ್ ಮುರಿದರೆ ಲ್ಯಾಪ್‌ಟಾಪಿನ ಲೋಹದ ಮೈಗೆ ಬಂದು ಕೂರುತ್ತೆ. ಮೀಟರ್ ಹಿಡಿದರೆ 230 ವೋಲ್ಟಿನ ಅರ್ಧದಷ್ಟು ತೋರಿಸಬಹುದು. ಕರೆಂಟ್ ಬಹಳ ಸಣ್ಣದು, ಅದಕ್ಕೇ ಜುಮ್ ಮಾತ್ರ. ಚಾರ್ಜರ್ ನಿಜವಾಗಿ ಕೆಟ್ಟ ದಿನ ಜುಮ್‌ಗೆ ನಿಲ್ಲಲ್ಲ. ನಮ್ಮ ಮನೆಗಳಲ್ಲಿ ಕಲ್ಲು ಹಾಸಿದ ನೆಲ, ಎಲ್ಲರೂ ಬರಿಗಾಲು, ಈಗಷ್ಟೇ ನೆಲ ಒರೆಸಿರುತ್ತಾರೆ. ಅದರಲ್ಲಿ ವಯಸ್ಸಾದವರು ಇರುವ ಮನೆ.

ಗುಂಯ್ ಬರುವುದು ಯಾಕೆಂದರೆ ಲ್ಯಾಪ್‌ಟಾಪಿಗೆ ಒಂದು ಅರ್ಥ್, ಟಿವಿಗೆ ಇನ್ನೊಂದು ಕಡೆಯಿಂದ ಅರ್ಥ್. ಎರಡನ್ನೂ ಈಗ ಸೌಂಡಿನ ವೈರ್ ಕೂಡಿಸಿದೆ. ಸುತ್ತು ಪೂರ್ತಿಯಾಯಿತು. ಕರೆಂಟಿನ ಗದ್ದಲ ಆ ಸುತ್ತಿನಲ್ಲಿ ತಿರುಗಿ ಸ್ಪೀಕರಿಗೆ ಬರುತ್ತೆ.

ಗಂಜ್‌ನವರೇ, ಟಿವಿ, ಸೆಟ್ ಟಾಪ್ ಬಾಕ್ಸ್, ಚಾರ್ಜರ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಸೆಟ್ ಟಾಪ್ ಬಾಕ್ಸಿನಿಂದ ಟಿವಿಗೆ ಬರುವ ಕೇಬಲ್ ಅಷ್ಟು ಹೊತ್ತು ತೆಗೆದಿಡಿ. ಮೇಲಿನ ಡಿಶ್‌ನಿಂದ ಬರುವ ವೈರ್ ಕೂಡ ಒಂದು ಸುತ್ತು ಕಟ್ಟುತ್ತೆ.

ಗಂಜ್_ಹುಡುಗ · 11:12

ಮಾಡಿದೆ. ಪೂರ್ತಿ ಹೋಗಿಲ್ಲ, ಆದರೆ ಕಿವಿ ಹಚ್ಚಿ ಕೇಳಿದರೆ ಮಾತ್ರ ಗೊತ್ತಾಗುವಷ್ಟು ಕಡಿಮೆಯಾಯಿತು. ಡಿಶ್ ವೈರೇ ಮುಖ್ಯ ಕಳ್ಳ. ಪಿನ್ ಮುರಿದಿಲ್ಲ ಅಣ್ಣಾ, ಚಿಂತೆ ಬೇಡ.

ಶಹಾಬಾದ್_ಕಲ್ಲು · 11:15

ಒಳ್ಳೇದು. ಉಳಿದದ್ದೂ ಹೋಗಬೇಕಾದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತೆ, ಸೌಂಡಿನ ವೈರ್ ನಡುವೆ ಹಾಕುವುದು. ಇನ್ನೊಂದು, ನಿಮ್ಮ ಮನೆಯ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ದಿನ ಆಯಿತು? ಈ ಬೇಸಿಗೆಗೆ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತೆ. ಉಪ್ಪು, ಇದ್ದಿಲು ಹಾಕಿದ್ದರೂ ತೇವ ಇಲ್ಲದೆ ಅದು ಕೆಲಸಕ್ಕೆ ಬರಲ್ಲ. ವಾರಕ್ಕೆ ಎರಡು ಕೊಡ ಸುರಿಯಿರಿ.

ರೊಟ್ಟಿ_ಹಿಂಡಿ · 11:17

ಕುಡಿಯಲು ಇಲ್ಲ, ಗುಂಡಿಗೆ ಎರಡು ಕೊಡ.

ಬೀದರ್_ಅಕ್ಕ · 11:20

ಕೂಲರ್ ತೊಳೆದ ನೀರು ಹಾಕಿ, ಅದೂ ಆಗುತ್ತೆ.

ಗಂಜ್‌ನವರೇ, ಮಲಗುವ ಮೊದಲು ಒಂದು ಟ್ರಯಲ್ ಕಾಲ್ ಮಾಡಿ. ಟಿವಿಯ ಸೌಂಡ್ ಲ್ಯಾಪ್‌ಟಾಪಿನ ಮೈಕಿಗೆ ಹೊಕ್ಕರೆ ಪುಣೆಯವರಿಗೆ ತಮ್ಮ ಮಾತೇ ತಿರುಗಿ ಕೇಳುತ್ತೆ. ಲ್ಯಾಪ್‌ಟಾಪನ್ನು ಟಿವಿಯ ಮುಂದೆ ಇಡಬೇಡಿ, ಅಪ್ಪನ ಪಕ್ಕ ಇಡಿ. ಅಪ್ಪ ಮಾತಾಡುವಾಗ ಬಿಟ್ಟು ಉಳಿದಂತೆ ಮೈಕ್ ಮ್ಯೂಟ್.

ಕೇಬಲ್_ಭಾಯಿ · 11:24

ಅಪ್ಪನ ಕಿವಿಗೆ ಒಂದು ಸೌಂಡ್‌ಬಾರ್ ತಗೊಳ್ಳಿ ಭಾಯಿ. ಟಿವಿಗಳು ಈಗ ಹಾಳೆಯಷ್ಟು ತೆಳ್ಳಗಾಗಿವೆ, ಸ್ಪೀಕರ್ ಗೋಡೆ ಕಡೆ ಮುಖ ಮಾಡಿರುತ್ತೆ. ಮಾತು ಗೋಡೆಗೆ ಹೇಳಿದ ಹಾಗೆ.

ಸೇಡಂ_ಸೋಮಾರಿ · 11:26

ವ್ಯಾಪಾರ ಶುರು.

ಭಾಲ್ಕಿ_ಬಸ್‌ಸ್ಟ್ಯಾಂಡ್ · 11:29

ಭಾಯಿ, ಸೌಂಡ್‌ಬಾರ್ ಮಾತು ಬಂತಲ್ಲ, ನಾನೂ ತಗೋಬೇಕು ಅಂತಿದ್ದೆ. ಲ್ಯಾಪ್‌ಟಾಪಿಂದ ಸೌಂಡ್‌ಬಾರಿಗೆ ಬೇರೆ ವೈರ್ ಬೇಕಾ?

ಕೇಬಲ್_ಭಾಯಿ · 11:36

ಬೇಡ. ಟಿವಿಯ ಹಿಂದೆ ಎಚ್‌ಡಿಎಂಐ ಪೋರ್ಟುಗಳಲ್ಲಿ ಒಂದರ ಮೇಲೆ ಎಆರ್‌ಸಿ ಅಂತ ಬರೆದಿರುತ್ತೆ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದ ಅನುಕೂಲ ಅದು. ಆ ಪೋರ್ಟಲ್ಲಿ ಸೌಂಡ್ ಟಿವಿಯಿಂದ ಹೊರಗೂ ಹೋಗುತ್ತೆ. ಸೌಂಡ್‌ಬಾರ್ ಅಲ್ಲಿಗೆ, ಲ್ಯಾಪ್‌ಟಾಪ್ ಬೇರೆ ಯಾವುದಾದರೂ ಪೋರ್ಟಿಗೆ. ಜನ ಏನು ಮಾಡುತ್ತಾರೆ ಗೊತ್ತಾ, ಲ್ಯಾಪ್‌ಟಾಪನ್ನೇ ಎಆರ್‌ಸಿಗೆ ಚುಚ್ಚಿ ಸೌಂಡ್‌ಬಾರ್ ಡಬ್ಬಾ ಅಂತ ವಾಪಸ್ ತರುತ್ತಾರೆ.

ಬರೀ ಸಿನಿಮಾದ ಮಾತು ಕೇಳಲ್ಲ, ಫೈಟಿನ ಸೌಂಡ್ ಮಾತ್ರ ಜೋರು ಅನ್ನುವುದಾದರೆ ಸೌಂಡ್‌ಬಾರ್ ತಗೊಳ್ಳುವ ಮೊದಲು 5.1 ಬದಲು ಸ್ಟೀರಿಯೋ ಆರಿಸಿ ನೋಡಿ. 5.1ರಲ್ಲಿ ಮಾತು ಜಾಸ್ತಿ ನಡುವಿನ ಸ್ಪೀಕರಿಗೆ ಹೋಗುತ್ತೆ. ಟಿವಿಯಲ್ಲಿ ಆ ಸ್ಪೀಕರೇ ಇಲ್ಲ. ನೋಡಿ, ವ್ಯಾಪಾರ ಬಿಟ್ಟು ಹೇಳಿದೆ.

ನಿವೃತ್ತ_ಮೇಷ್ಟ್ರು · 11:40

ನನ್ನ ಮೊಮ್ಮಗ ಹೊಸ ಲ್ಯಾಪ್‌ಟಾಪ್ ತಂದಿದ್ದಾನೆ. ಅದರಲ್ಲಿ ನೀಲಿಯೂ ಇಲ್ಲ, ಎಚ್‌ಡಿಎಂಐಯೂ ಇಲ್ಲ. ಮೊಬೈಲ್ ಚಾರ್ಜರಿನಂಥ ಸಣ್ಣ ತೂತು ಎರಡಿವೆ. ಅದರಿಂದ ಟಿವಿಗೆ ಆಗುತ್ತದೆಯೇ?

ಬೀದರ್_ಅಕ್ಕ · 11:44

ಆಗಬಹುದು ಸರ್, ಆದರೆ ಎಲ್ಲ ಸಿ ಪೋರ್ಟಲ್ಲೂ ಚಿತ್ರ ಬರಲ್ಲ. ತೂತಿನ ಪಕ್ಕ ಪಿ ಮತ್ತು ಡಿ ಸೇರಿಸಿದಂಥ ಗುರುತು ಅಥವಾ ಸಿಡಿಲಿನ ಗುರುತು ಇದೆಯಾ ನೋಡಲು ಹೇಳಿ. ಇದ್ದರೆ ಒಂದು ಅಡಾಪ್ಟರ್ ಸಾಕು. ಅದರಲ್ಲಿ ಸೌಂಡೂ ಜೊತೆಗೇ ಹೋಗುತ್ತೆ, ಕಪ್ಪು ವೈರ್ ಬೇಡ. ಗುರುತು ಇಲ್ಲದಿದ್ದರೆ ಮಾಡೆಲ್ ನಂಬರ್ ಹೇಳಿ, ಕೆಲವರು ಗುರುತು ಹಾಕಿರಲ್ಲ.

ರೊಟ್ಟಿ_ಹಿಂಡಿ · ಭಾನುವಾರ ಮಧ್ಯಾಹ್ನ 1:05

ಗಂಜ್ ಹುಡುಗಾ, ಏನಾಯ್ತು? ತೊಟ್ಟಿಲು ತೂಗಿತಾ?

ಸೇಡಂ_ಸೋಮಾರಿ · 1:20

ಊಟಕ್ಕೆ ಕೂತಿರಬೇಕು. ನಮಗೆ ಹೋಳಿಗೆ ಇಲ್ಲ.

ಗಂಜ್_ಹುಡುಗ · 2:48

ಎಲ್ಲರಿಗೂ ಬಹಳ ಬಹಳ ಧನ್ಯವಾದ ರೀ. ಕಥೆ ಕೇಳಿ.

ಹತ್ತೂವರೆಗೇ ಎಲ್ಲ ಹಚ್ಚಿ ಕೂತೆವು. ಅಪ್ಪ ಬಿಳಿ ಅಂಗಿ ಹಾಕಿ, ವಿಭೂತಿ ಹಚ್ಚಿಕೊಂಡು ಟಿವಿಯ ಮುಂದೆ ಕುರ್ಚಿಯಲ್ಲಿ. ನೆಟ್ ನನ್ನ ಫೋನಿನ ಹಾಟ್‌ಸ್ಪಾಟಿಂದ. ಕಾಲ್ ಬಂತು. ಟಿವಿ ತುಂಬ ಕೂಸು. ಸೌಂಡ್ ಮಸ್ತ್. ಅವ್ವನ ಬಳೆ ಸದ್ದು ಕೂಡ ಕೇಳುತ್ತಿತ್ತು. ಅಪ್ಪ ಮ್ಯೂಟ್ ಅಂದರೂ ಕೇಳಲಿಲ್ಲ, ಪುಣೆಯವರಿಗೆಲ್ಲ ಇಲ್ಲಿಂದಲೇ ಜೋರಾಗಿ ಊಟದ ಉಪಚಾರ ಹೇಳುತ್ತಿದ್ದರು. ತೊಟ್ಟಿಲ ಹಾಡು ಶುರುವಾಯಿತು. ಆಮೇಲೆ ಕೂಸಿನ ಅತ್ತೆ ಹೆಸರು ಹೇಳಲು ತೊಟ್ಟಿಲ ಕಡೆ ಬಗ್ಗಿದರು.

ಅಷ್ಟರಲ್ಲಿ ಕರೆಂಟ್ ಹೋಯ್ತು.

ಟಿವಿ ಬಂದ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದೆ, ಕಾಲ್ ಇದೆ, ಚಿತ್ರ ಇದೆ, ಸೌಂಡ್ ಇಲ್ಲ. ನನಗೆ ಕೈಕಾಲು ಆಡಲಿಲ್ಲ. ಆ ಪಟ್ಟಿ ತೆರೆದೆ, ಈ ಪಟ್ಟಿ ತೆರೆದೆ. ಆಮೇಲೆ ಹೊಳೆಯಿತು, ಕಪ್ಪು ವೈರ್ ಇನ್ನೂ ಹೆಡ್‌ಫೋನ್ ತೂತಲ್ಲೇ ಇದೆ! ಕಿತ್ತೆ. ಲ್ಯಾಪ್‌ಟಾಪಿಂದ ಸೌಂಡ್ ಬಂತು. ಲ್ಯಾಪ್‌ಟಾಪ್ ಎತ್ತಿ ಅಪ್ಪನ ತೊಡೆ ಮೇಲೆ ಇಟ್ಟೆ.

ಮಜಾ ಅಂದರೆ ಅಪ್ಪನಿಗೆ ಎಲ್ಲ ಸರಿಯಾಗಿ ಕೇಳಿತು. ಕೂಲರ್ ನಿಂತಿತ್ತಲ್ಲ, ಮನೆ ತುಂಬ ನಿಶ್ಶಬ್ದ. ಕೊನೆಯ 15 ನಿಮಿಷ ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಹಾಗೇ ನೋಡಿದೆವು.

ರೊಟ್ಟಿ_ಹಿಂಡಿ · 2:50

ಶನಿವಾರ ರಾತ್ರಿ 8:44. ಮೇಲೆ ಹೋಗಿ ಎಲ್ಲರೂ ಓದಿ. ನಾನು ಏನಂತ ಬರೆದಿದ್ದೆ?

ಶಹಾಬಾದ್_ಕಲ್ಲು · 2:53

ಇನ್ನು ಇವರು ಒಂದು ವರ್ಷ ಇದನ್ನೇ ಹೇಳುತ್ತಾರೆ.

ಬೀದರ್_ಅಕ್ಕ · 2:57

ಸಂತೋಷ ಆಯ್ತು ರೀ. ಕೂಸಿನ ಹೆಸರು ಏನಿಟ್ಟರು?

ಗಂಜ್_ಹುಡುಗ · 3:01

ಅದೇ ಹೊತ್ತಿಗೆ ಕರೆಂಟ್ ಹೋದದ್ದು ಅಕ್ಕಾ. ಅಲ್ಲದೆ ಅತ್ತೆ ಹೆಸರು ಹೇಳಿದ್ದು ಕೂಸಿನ ಕಿವಿಯಲ್ಲಿ, ಕುರ್ರ್ ಅಂತ. ಕರೆಂಟ್ ಇದ್ದರೂ ಅದು ಟಿವಿಗೆ ಬರುತ್ತಿರಲಿಲ್ಲ. ಆಮೇಲೆ ಎಲ್ಲರೂ ಸೇರಿ ಅತ್ತೆಯ ಬೆನ್ನಿಗೆ ಗುದ್ದಿದ್ದು ಮಾತ್ರ ಚೆನ್ನಾಗಿ ಕೇಳಿತು. ಸಂಜೆ ಅವ್ವನಿಗೆ ಫೋನ್ ಮಾಡಿ ಕೇಳಿ ಹೇಳುತ್ತೇನೆ.

ಭಾಲ್ಕಿ_ಬಸ್‌ಸ್ಟ್ಯಾಂಡ್ · 3:10

ನಡುವೆ ಬಾಯಿ ಹಾಕುತ್ತಿದ್ದೇನೆ. ಟಿವಿಯಲ್ಲಿ ಸೌಂಡ್ ಬಂತಲ್ಲ, ಈಗ ಚಿತ್ರದ ನಾಲ್ಕೂ ಅಂಚು ಕತ್ತರಿಸಿದ ಹಾಗೆ ಕಾಣುತ್ತಿದೆ. ಕೆಳಗಿನ ಗಡಿಯಾರ ಅರ್ಧ ಮಾತ್ರ. ಯಾಕೆ ಅಣ್ಣಾ?

ಕೇಬಲ್_ಭಾಯಿ · 3:14

ಟಿವಿ ರಿಮೋಟಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ. 16:9 ಅಂತ ಇದ್ದರೆ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಅಂತ ಇರುವುದನ್ನು ಕೊಡಿ. ಆಗಲಿಲ್ಲ ಅಂದರೆ ಹೊಸ ಥ್ರೆಡ್ ತೆರೆಯಿರಿ ಭಾಯಿ, ಇಲ್ಲಿ ಮೇಷ್ಟ್ರ ಮೊಮ್ಮಗನ ಲ್ಯಾಪ್‌ಟಾಪ್ ಇನ್ನೂ ಬಾಕಿ ಇದೆ.